ಗೋದಲಿಯಲ್ಲಿ ಕಾವು ಕೂತ ಕೋಳಿ

ಕೊಡಗಿನಲ್ಲಿ ಕ್ರಿಸ್‌ಮಸ್ ಹಬ್ಬವು ಕಾಫಿ ಕೊಯ್ಲಿನ ನಟ್ಟನಡುವೆ ಬರುತ್ತದೆ ಎಂಬುದನ್ನು ಹಬ್ಬದ ದಿನ ಗೊತ್ತುಮಾಡಿದವರು ಗಮನಿಸಿದಂತಿಲ್ಲ. ಅರೇಬಿಕಾ ಹಣ್ಣಾಗಿ ನೆಲಕ್ಕುದುರುವ ಹೊತ್ತಿಗೆ, ಆಳು ಸಿಗದೆ ಮನೆಮಂದಿಯೆಲ್ಲ ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟಕ್ಕಿಳಿದಿರುವಾಗ, ಅಡುಗೆಮನೆಯಲ್ಲಿ ಹಬ್ಬದ ತಿಂಡಿಗಳಾದ ಕುಸ್ವಾರಿನ ಎಣ್ಣೆ ಕಾಯುತ್ತಿರುತ್ತದೆ, ಅಂಗಳದಲ್ಲಿ ಗೋದಲಿ, ಅಂದರೆ ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಕೆಲಸ ಬಾಕಿ ಬಿದ್ದಿರುತ್ತದೆ. ಇದು ಸಾಲದೆಂಬಂತೆ, ಚರ್ಚಿನ ವಾಳೆಗಳ, ಅಂದರೆ ಕೇರಿವಾರು ಗುಂಪುಗಳ, ನಡುವಿನ ಗೋದಲಿ ಸ್ಪರ್ಧೆಗೆ ಆ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಹೊಸ ನಿಯಮವೊಂದನ್ನು ಓದಲಾಯಿತು. ಥರ್ಮಾಕೋಲ್, ಪ್ಲಾಸ್ಟಿಕ್ ಹೂವು, ಮಿನುಗುವ ಪುಡಿ ಇವು ಯಾವುವನ್ನೂ ಬಳಸುವಂತಿಲ್ಲ; ಗೋದಲಿಯಲ್ಲಿರುವುದೆಲ್ಲವೂ ಹಬ್ಬ ಮುಗಿದ ಮೇಲೆ ಮಣ್ಣಿಗೆ ಸೇರುವಂತಿರಬೇಕು.

ನಿಯಮವನ್ನು ನಾನು ಮನಸಾರೆ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು ಅದರ ಆರೈಕೆಯ ಕುರಿತು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಪರಿಪತ್ರ ಹೊರಡಿಸಿದರು. ಅವರು ಯಾರ ಹೆಸರನ್ನು ಇಟ್ಟುಕೊಂಡಿದ್ದರೋ ಆ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಗುಡ್ಡದ ಊರಿನಲ್ಲಿ ಏರ್ಪಡಿಸಿದ ಹೆಸರುವಾಸಿ ಗೋದಲಿಯಲ್ಲಿ ಇದ್ದದ್ದು ಒಣಹುಲ್ಲು, ಜೀವಂತ ಎತ್ತು ಮತ್ತು ಜೀವಂತ ಕತ್ತೆ. ಅಂದಮೇಲೆ ಥರ್ಮಾಕೋಲಿನ ಹಿಮಕ್ಕೆ ಶಾಸ್ತ್ರಾಧಾರವಿಲ್ಲವೆಂದಾಯಿತು. ಬೆಳಗಿನ ಹೊತ್ತು ಎದುರುಮನೆಯೇ ಕಾಣದಷ್ಟು ಮಂಜನ್ನು ಪುಕ್ಕಟೆಯಾಗಿ ಪಡೆಯುವ ನಾವು, ದುಡ್ಡು ಕೊಟ್ಟು ಬಿಳಿ ಗುಂಡುಗಳನ್ನು ತಂದು ಬೆತ್ಲೆಹೇಮಿನ ಮೇಲೆ ಸುರಿಯುತ್ತಿದ್ದೆವೆಂಬುದು ಯೋಚಿಸಿದರೆ ವಿಚಿತ್ರವೇ. ಆದರೆ ಥರ್ಮಾಕೋಲಿಗೆ ಒಂದು ಗುಣವಿದೆ: ಅದನ್ನು ಇಟ್ಟಲ್ಲಿ ಅದು ಇರುತ್ತದೆ. ಮಣ್ಣಿಗೆ ಸೇರುವ ವಸ್ತುಗಳಿಗೆ ಆ ಅವಸರ ಹಬ್ಬಕ್ಕೆ ಮೊದಲೇ ಹುಟ್ಟುತ್ತದೆಂಬುದು ನಮ್ಮ ವಾಳೆಯವರಿಗೆ ಮೊದಲ ವಾರದಲ್ಲೇ ತಿಳಿಯಿತು.

ನಕ್ಷತ್ರದಿಂದ ಆರಂಭವಾಯಿತು. ಬಿದಿರ ಸೀಳುಗಳನ್ನು ಕಟ್ಟಿ, ಹಳೆಯ ಪತ್ರಿಕೆಗಳನ್ನು ಮೈದಾ ಅಂಟಿನಿಂದ ಮೆತ್ತಿ, ಉದ್ದನೆಯ ಬಾಲವಿರುವ ಐದು ಮೂಲೆಯ ನಕ್ಷತ್ರವನ್ನು ಯುವಕರು ಬಹಳ ಅಂದವಾಗಿ ಮಾಡಿದರು. ಇಬ್ಬನಿಗೆ ರಾತ್ರಿಯಿಡೀ ನೆನೆದ ಕಾಗದ ಬೆಳಿಗ್ಗೆ ಜೋತುಬಿತ್ತು, ಒಂದು ಮೂಲೆ ಕಳಚಿಕೊಂಡಿತು, ನೆಲ ಮುಟ್ಟಿದ ಬಾಲವನ್ನು ನಮ್ಮ ಕರು ಮೈದಾ ಅಂಟಿನ ರುಚಿಗೆ ಸಂಪಾದಕೀಯ ಸಮೇತ ತಿಂದು ಮುಗಿಸಿತು. ದ್ವಾರಕ್ಕೆ ಬಾಳೆಗಿಡ ಕಟ್ಟೋಣವೆಂದು ಯಾರೋ ಸೂಚಿಸಿದಾಗ, ವಾಳೆಯ ಮುಖ್ಯಸ್ಥರಾದ ಗುರಿಕಾರರು ಹಿಂದಿನ ವಾರ ಕೆಳಗಿನ ಗದ್ದೆಯಲ್ಲಿ ಆನೆ ಇಳಿದು ಹೋದ ಹೆಜ್ಜೆಗಳನ್ನು ನೆನಪಿಸಿ, ಆಮಂತ್ರಣ ಯಾರಿಗೆ ಕೊಡಬೇಕೆಂಬುದನ್ನು ಮೊದಲು ತೀರ್ಮಾನಿಸಿರೆಂದರು. ಬಾಳೆಯ ಮಾತು ಅಲ್ಲಿಗೇ ನಿಂತಿತು.

ಗೋದಲಿಯ ನೆಲಕ್ಕೆ ಪಾಚಿ ಬೇಕಿತ್ತು. ಮಳೆಗಾಲದಲ್ಲಿ ಮರದ ಮೇಲೂ ಹೆಂಚಿನ ಮೇಲೂ ಬೇಡವೆಂದರೂ ಬೆಳೆಯುವ ಪಾಚಿ ಡಿಸೆಂಬರಿನಲ್ಲಿ ಒಣಗಿ ಕಂದಾಗಿರುತ್ತದೆ. ಹಸಿರಾಗಿ ಉಳಿದಿರುವುದು ತೋಟದ ತಗ್ಗಿನಲ್ಲಿ, ತೊರೆಯ ಬದಿಯ ನೆರಳಿನಲ್ಲಿ ಮಾತ್ರ. ಕಾಡಿನ ಪಾಚಿಯನ್ನು ಕಿತ್ತು ತಂದು ಅದನ್ನು ಹಸಿರು ಹಬ್ಬವೆನ್ನುವುದು ನನಗೆ ಸರಿಕಾಣದ್ದರಿಂದ, ಬಿದ್ದ ಕೊಂಬೆಗಳ ಮೇಲಿರುವುದನ್ನಷ್ಟೇ ತರೋಣವೆಂದು ಹೇಳಿದೆ, ಎಲ್ಲರೂ ಒಪ್ಪಿದರು. ಧರ್ಮಪಾಠ ಹೇಳುವ ಉಪದೇಶಿಗಳು ಮಕ್ಕಳನ್ನು ಕರೆದುಕೊಂಡು, ಸೃಷ್ಟಿಯ ಸೊಬಗನ್ನು ವಿವರಿಸುತ್ತ, ಭಾನುವಾರದ ಪೂಜೆಗೆ ಮುಂಚೆ ಬಿಳಿ ಪ್ಯಾಂಟಿನಲ್ಲೇ ತೊರೆಗಿಳಿದರು. ಆ ಜಾಗದ ಜಿಗಣೆಗಳಿಗೆ ಮಳೆಗಾಲ ಮುಗಿದಿದೆಯೆಂಬ ಸುದ್ದಿ ಮುಟ್ಟಿರಲಿಲ್ಲ. ಜಿಗಣೆ ಕಚ್ಚುವಾಗ ನೋವಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲಿನಲ್ಲಿ ಬಿಡುವ ಹಿರುಡಿನ್‌ನಂಥ ವಸ್ತುವಿನಿಂದಾಗಿ, ಅದು ಹೊಟ್ಟೆ ತುಂಬಿ ಉದುರಿಹೋದ ಮೇಲೂ ಗಾಯ ಬಹಳ ಹೊತ್ತು ಸೋರುತ್ತಿರುತ್ತದೆ. ಹೀಗಾಗಿ ಉಪದೇಶಿಗಳು ಗರ್ಭಗುಡಿಯ ಬಳಿ ನಿಂತು ಮೊದಲನೆಯ ವಾಚನವನ್ನು ಗಂಭೀರವಾಗಿ ಓದುತ್ತಿದ್ದಾಗ, ಅವರ ಮೊಣಕಾಲಿನಿಂದ ಕೆಳಗೆ ಕೆಂಪು ಗೆರೆಯೊಂದು ನಿಧಾನವಾಗಿ ಇಳಿಯುತ್ತಿದ್ದುದನ್ನು ಇಡೀ ಸಭೆ ನೋಡಿತು, ಅವರೊಬ್ಬರು ನೋಡಲಿಲ್ಲ. ಪೂಜೆಯಾದ ಮೇಲೆ ಇಬ್ಬರು ಅಜ್ಜಿಯಂದಿರು ಅವರ ಹತ್ತಿರ ಹೋಗಿ ಅತಿ ಭಕ್ತಿಯಿಂದ ವಿಚಾರಿಸಿದರಂತೆ.

ಇಷ್ಟೆಲ್ಲ ಆಗುವಾಗ, ನಮ್ಮ ಅಂಗಳದ ಗೋದಲಿಯೊಳಗೆ ನಡೆಯುತ್ತಿದ್ದ ಮುಖ್ಯ ಘಟನೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊಡಗಿನ ಸುಗ್ಗಿಹಬ್ಬ ಪುತ್ತರಿ ಕಳೆದು ಗದ್ದೆ ಕೊಯ್ಲಾದದ್ದರಿಂದ ಹೊಸ ಹುಲ್ಲು ಧಾರಾಳವಾಗಿತ್ತು. ಕೈಯಲ್ಲಿ ಬಡಿದ ಹುಲ್ಲಾದ್ದರಿಂದ ಅದರಲ್ಲಿ ಅಲ್ಲಲ್ಲಿ ಬತ್ತವೂ ಉಳಿದಿತ್ತು. ಬತ್ತವನ್ನು ಹುಡುಕಿಕೊಂಡು ಪಕ್ಕದ ತೋಟದ ನಾಟಿ ಹೇಂಟೆಯೊಂದು ಬಂದಿದೆ. ಬೆತ್ಲೆಹೇಮಿನ ಹೊಲವೆಂದು ಮಕ್ಕಳು ತಟ್ಟೆಯಲ್ಲಿ ಮೊಳೆಸಿದ್ದ ರಾಗಿ ಪೈರನ್ನು ತಿಂದಿದೆ. ನಂತರ ಮರಿಯಮ್ಮನವರಿಗೂ ಜೋಸೆಫರಿಗೂ ನಡುವೆ, ಕಿತ್ತಳೆ ಪೆಟ್ಟಿಗೆಯಿಂದ ಮಾಡಿದ, ಮೆತ್ತಗೆ ಹುಲ್ಲು ಹಾಸಿದ, ಯಾರೂ ಮಲಗಿರದ ಮೇವಿನ ತೊಟ್ಟಿಯನ್ನು ಕಂಡಿದೆ. ಬಾಲಯೇಸುವಿನ ಸ್ವರೂಪವನ್ನು 24ರ ನಡುರಾತ್ರಿಯವರೆಗೆ ತೊಟ್ಟಿಯಲ್ಲಿ ಇಡುವ ರೂಢಿಯಿಲ್ಲ. ಆ ಖಾಲಿ ಜಾಗದ ಅರ್ಥವನ್ನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಪ್ರಬೋಧನೆಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ, ಕೋಳಿ ಅದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ಗುರಿಕಾರರು ಹುಲ್ಲು ಸರಿಪಡಿಸಲು ಕೈ ಹಾಕಿದಾಗಲೇ ವಿಷಯ ಹೊರಬಿದ್ದದ್ದು. ಗರಿ ಕೆದರಿ, ಗಂಟಲಲ್ಲಿ ಗುರುಗುಟ್ಟಿ, ಅವರ ಹೆಬ್ಬೆರಳನ್ನು ಕುಕ್ಕಿ, ಕೋಳಿ ತಾನು ಕಾವು ಕೂತಿರುವುದನ್ನು ತಿಳಿಸಿತು.

ಕೋಳಿಯೊಡತಿಯನ್ನು, ಅಂದರೆ ಪಕ್ಕದ ಮನೆಯ ಅಕ್ಕನನ್ನು, ಕರೆಸಲಾಯಿತು. ಅವರು ಬಂದು, ಒಂದು ಮೊಟ್ಟೆಯನ್ನು ಮೆಲ್ಲನೆ ತೆಗೆದು, ಸೆರಗಿನ ಮರೆಯಲ್ಲಿ ಮೊಬೈಲಿನ ಬೆಳಕಿಗೆ ಹಿಡಿದರು. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಚೀಲ ತಿಳಿಯಾಗಿ ಕಾಣುತ್ತಿತ್ತು, ಅದರ ಕೆಳಗೆ ಕೂದಲೆಳೆಯಷ್ಟು ತೆಳುವಾದ ಕೆಂಪು ನರಗಳು ಕವಲೊಡೆದು ಹಬ್ಬಿದ್ದವು, ನಡುವೆ ಕಪ್ಪನೆಯದೊಂದು ಒಮ್ಮೆ ಮಿಸುಕಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮೊಟ್ಟೆಯೊಡೆಯಲು ಒಟ್ಟು 21 ದಿನ ಬೇಕಾಗುವುದರಿಂದ, ಹೊಸ ವರ್ಷದ ಆಸುಪಾಸಿಗೆ ಮರಿಯಾಗುತ್ತದೆಂದೂ ಅಲ್ಲಿಯತನಕ ಅದನ್ನು ಏಳಿಸುವುದು ಪಾಪವೆಂದೂ ಅಕ್ಕ ಹೇಳಿ ಹೋದರು.

ಆ ಸಂಜೆ ನಮ್ಮ ಜಗಲಿಯಲ್ಲಿ ವಾಳೆಯ ತುರ್ತು ಸಭೆ ನಡೆಯಿತು. ಕೋಳಿಯನ್ನು ತಣ್ಣೀರಲ್ಲಿ ಅದ್ದಿದರೆ ಕಾವು ಬಿಡುತ್ತದೆಂದು ಬ್ಯಾಂಡೇಜು ಸುತ್ತಿದ ಹೆಬ್ಬೆರಳಿನ ಗುರಿಕಾರರು ವಾದಿಸಿದರು. ಲೂಕನ ಶುಭಸಂದೇಶದ ಯೇಸುಜನನದ ಕಥೆಯಲ್ಲಿ ಕೋಳಿಯ ಪ್ರಸ್ತಾಪವೇ ಇಲ್ಲವೆಂದೂ ಸೇರಿಸಿದರು. ಉಪದೇಶಿಗಳು ಎದ್ದುನಿಂತು, ಲೂಕನ ಆ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ, ಇರುವುದು ಮೇವಿನ ತೊಟ್ಟಿ ಮಾತ್ರವೆಂದೂ, ಎತ್ತು ತನ್ನೊಡೆಯನನ್ನೂ ಕತ್ತೆ ತನ್ನ ಯಜಮಾನನ ಕೊಟ್ಟಿಗೆಯನ್ನೂ ಅರಿತಿವೆಯೆಂಬ ಪ್ರವಾದಿ ಯೆಶಾಯನ ಮಾತಿನ ಬಲದಿಂದ ಅವೆರಡೂ ಗೋದಲಿಯೊಳಗೆ ಬಂದು ನಿಂತಿವೆಯೆಂದೂ ವಿವರಿಸಿದರು. ಕೋಳಿಯ ಹಕ್ಕು ಅದಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವಂತೆ ನಿಮ್ಮನ್ನು ಸೇರಿಸಿಕೊಳ್ಳಬಯಸಿದೆನಲ್ಲಾ ಎಂದು ಸ್ವತಃ ಪ್ರಭುವೇ ಜೆರುಸಲೇಮನ್ನು ಕುರಿತು ಹೇಳಿದ್ದಾರೆ, ಬೇಕಾದರೆ ಮತ್ತಾಯನ 23ನೆಯ ಅಧ್ಯಾಯ ತೆರೆಯಿರಿ ಎಂದರು. ಸಭೆ ತೆಪ್ಪಗಾಯಿತು. ಕೊನೆಗೆ ಮೂಲೆಯಲ್ಲಿ ಕುಳಿತಿದ್ದ ಹಿರಿಯಜ್ಜ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ದೊಡ್ಡವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ಜಾಗ ಕೊಟ್ಟರು, 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯವೂ ಎದ್ದಿತು, ಅಂಥ ನಾವು ಒಂದು ಕೋಳಿಗೆ ಕಿತ್ತಳೆ ಪೆಟ್ಟಿಗೆ ಬಿಟ್ಟುಕೊಡಲಾರೆವೇ ಎಂದು ಕೇಳಿದರು. ಇತಿಹಾಸವನ್ನು ಇಷ್ಟು ದೂರ ಎಳೆಯುವ ಅಗತ್ಯವಿತ್ತೋ ಇಲ್ಲವೋ, ಕೋಳಿ ಮಾತ್ರ ಸರ್ವಾನುಮತದಿಂದ ಉಳಿಯಿತು.

ಮೂರ್ನಾಲ್ಕು ದಿನದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅಲ್ಲಿ ಕುಸಿದರೆ ಇಲ್ಲಿ ನಮ್ಮ ಎದೆ ಕುಸಿಯುತ್ತದೆ, ಏಕೆಂದರೆ ಕಣದಲ್ಲಿ ಹರವಿದ ಕಾಫಿಗೆ ಡಿಸೆಂಬರಿನ ಮಳೆ ತಗುಲಿದರೆ ಬೂಷ್ಟು ಹಿಡಿದು ಬೆಲೆ ಬೀಳುತ್ತದೆ. ಸಂಜೆ ಮೋಡ ಕವಿದದ್ದೇ ತಡ, ಹಸಿರು ಹಬ್ಬದ ಸಂಕಲ್ಪ ಮಾಡಿದ್ದ ವಾಳೆಯ ಪ್ರತಿಯೊಂದು ಮನೆಯಿಂದಲೂ ನೀಲಿ ಟಾರ್ಪಾಲುಗಳು ಹೊರಬಂದವು. ನಮ್ಮ ಮನೆಗೆ ಬೇಕಾದಷ್ಟು ಟಾರ್ಪಾಲು ಸಾಲದೆ, ಹುಡುಕುತ್ತಿದ್ದಾಗ, ಗೋದಲಿಯ ಹುಲ್ಲು ಮಾಡಿನ ಒಳಪದರದಲ್ಲಿ ಅಂಥದೇ ಒಂದನ್ನು ಗುರಿಕಾರರು ಯಾರಿಗೂ ಹೇಳದೆ ಸೇರಿಸಿಟ್ಟಿದ್ದುದು ಪತ್ತೆಯಾಯಿತು. ಅದನ್ನೂ ಎಳೆದು ಕಾಫಿಗೆ ಹೊದಿಸಿದೆವು. ಹುಲ್ಲಿನ ಮಾಡು ಸೋರತೊಡಗಿತು, ಮೂವರು ಕುರುಬರು ನೆನೆದರು, ತೊಟ್ಟಿಯ ಮೇಲೆ ಹನಿ ಬಿದ್ದರೂ ಕೋಳಿ ಏಳಲಿಲ್ಲ. ಆಗ ಬೇಲಿಯಾಚೆಯಿಂದ ಅಕ್ಕ ತಮ್ಮ ಅಟ್ಟದಲ್ಲಿದ್ದ ಗೊರಬನ್ನು ತಂದರು. ಹಿಂದೆ ನಾಟಿ ನೆಡುವಾಗ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದೆಯುತ್ತಿದ್ದ, ಬಿದಿರ ಹೆಣಿಗೆಯ ನಡುವೆ ಒಣ ಎಲೆ ಸೇರಿಸಿ ಮಾಡಿದ ಆ ಮರೆಯನ್ನು ತೊಟ್ಟಿಯ ಮೇಲೆ ಕವುಚಿದರೆ, ಕೋಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಮರುದಿನವೇ ತೀರ್ಪುಗಾರರು ಕೊಡೆ ಹಿಡಿದು ಬಂದರು. ನಾಲ್ಕೇ ಮೂಲೆಯ ನಕ್ಷತ್ರಕ್ಕೆ ಅಂಕ ಕಡಿದರು, ಸ್ವಚ್ಛತೆಯ ಕಲಮಿನ ಎದುರು ನೆಲವನ್ನೊಮ್ಮೆ ನೋಡಿ ಏನನ್ನೋ ಬರೆದರು. ಗೊರಬಿನ ಮುಂದೆ ಮಾತ್ರ ಬಹಳ ಹೊತ್ತು ನಿಂತು, ಕೊಡಗಿನ ಕೃಷಿ ಸಂಸ್ಕೃತಿಯನ್ನು ಬೆತ್ಲೆಹೇಮಿಗೆ ಬೆಸೆದ ಕಲ್ಪನೆ ಯಾರದೆಂದು ಕೇಳಿದರು. ಗುರಿಕಾರರು ವಿನಯದಿಂದ ತಲೆ ಬಾಗಿಸಿದರು. ನಮಗೆ ಎರಡನೆಯ ಬಹುಮಾನ ಬಂತು.

ನಡುರಾತ್ರಿಯ ಪೂಜೆ ಮುಗಿಸಿ ಬಂದಾಗ, ಬಾಲಯೇಸುವನ್ನು ಎಲ್ಲಿ ಮಲಗಿಸಬೇಕೆಂಬ ಪ್ರಶ್ನೆಯನ್ನು ನನ್ನ ತಾಯಿ ಅರೆಕ್ಷಣದಲ್ಲಿ ಬಗೆಹರಿಸಿದರು. ಹಸುಗೂಸುಗಳನ್ನು ಅಡಕೆ ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದವರು ಅವರು. ಒಳ್ಳೆಯ ಹಾಳೆಯೊಂದನ್ನು ತಂದು ತೊಟ್ಟಿಯ ಪಕ್ಕದಲ್ಲಿ ಹಾಸಿದರು. ಕೋಳಿ ಒಂದು ಕಣ್ಣು ತೆರೆದು ಹೊಸಬನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಹೊಸ ವರ್ಷದ ಬಳಿಕ ಮೂವರು ಜ್ಞಾನಿಗಳ ಗೊಂಬೆಗಳು ಗೋದಲಿಗೆ ಬಂದು ಸೇರುವ ಮುನ್ನವೇ ಏಳು ಮರಿಗಳಾದವು. ನನ್ನ ಮಗಳು ಅವುಗಳಿಗೆ ಯೇಸುವಿನ ಹನ್ನೆರಡು ಶಿಷ್ಯರಾದ ಪ್ರೇಷಿತರ ಹೆಸರುಗಳನ್ನು ಮತ್ತಾಯನ ಶುಭಸಂದೇಶದ ಸರದಿಯಲ್ಲೇ, ಪೇತ್ರ, ಅಂದ್ರೆಯ ಎಂದು ಶುರುಮಾಡಿ, ಇಟ್ಟಳು. ಪಟ್ಟಿ ಕೊನೆಯ ದ್ರೋಹಿ ಯೂದನವರೆಗೆ ಹೋಗಲಿಲ್ಲವೆಂಬುದು ನಮ್ಮ ಪುಣ್ಯ. ಏಳನೆಯ ತೋಮ, ಆ ಹೆಸರಿನ ಸಂಶಯದ ಶಿಷ್ಯನಂತೆಯೇ, ಯಾವುದನ್ನೂ ಕುಕ್ಕಿ ನೋಡದೆ ನಂಬುತ್ತಿರಲಿಲ್ಲ. ಎರಡನೆಯ ಬಹುಮಾನವಾಗಿ ಬಂದಿದ್ದ ಬೆಣ್ಣೆಹಣ್ಣಿನ ಸಸಿಯನ್ನು ಅಂಗಳದಲ್ಲಿ ನೆಟ್ಟರೆ, ತಾಯಿಯೂ ಪ್ರೇಷಿತರೂ ಸೇರಿ ಅದನ್ನು ಬೇರುಸಮೇತ ಕೆದರಿ ಹಾಕಿದರು.

ಕೋಳಿ ತಮ್ಮದು, ಹುಲ್ಲು ನಮ್ಮದು, ಆದ್ದರಿಂದ ಹುಂಜಗಳಲ್ಲಿ ನಮಗೂ ಪಾಲಿದೆಯೆಂದೂ, ಈಸ್ಟರ್ ಹಬ್ಬಕ್ಕೆ ಕೊಡಗಿನ ಹುಳಿರಸವಾದ ಕಾಚಂಪುಳಿ ಹಾಕಿ ಸಾರು ಮಾಡೋಣವೆಂದೂ ಅಕ್ಕ ಆಗಲೇ ಹೇಳಿದ್ದರು. ಆದರೆ ಶುಭ ಶುಕ್ರವಾರದ ಬೆಳಗಿನ ಜಾವ, ಅಷ್ಟೂ ಹುಂಜಗಳಲ್ಲಿ ಮೊಟ್ಟಮೊದಲು ಕೂಗಿದ್ದು ಪೇತ್ರನೆಂಬ ಹೆಸರಿನದೇ; ಬೈಬಲಿನಲ್ಲಿ ಕೋಳಿ ಕೂಗುವ ಮುನ್ನ ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದವನು ಆ ಪೇತ್ರನೇ. ಉಪದೇಶಿಗಳು ಇದನ್ನು ಕೇಳಿ, ಇಂಥ ಕೋಳಿಯನ್ನು ತಿನ್ನುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲವೆಂದು ತೀರ್ಪಿತ್ತರು. ಮಗಳಂತೂ ಮರುದಿನ ಬೆಳಿಗ್ಗೆಯೇ ಪೇತ್ರನನ್ನು ಎತ್ತಿಕೊಂಡು ಅಟ್ಟ ಹತ್ತಿ ಕುಳಿತಿದ್ದಳು. ಕತ್ತಿ ಹಿಡಿದು ಬಂದ ಅಕ್ಕ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಅಟ್ಟದತ್ತ ತಲೆಯೆತ್ತಿ, ‘ಆಗಲಿ ಮಗಳೇ, ಪೇತ್ರ ನಿನಗೇ ಇರಲಿ. ಆ ಅಂದ್ರೆಯ ಎಲ್ಲಿದ್ದಾನೆಂದು ತೋರಿಸು’ ಎಂದರು.