ನಜೀಮನ ಪರ ವಕಾಲತ್ತು

2011ರ ನವೆಂಬರ್ 11ರಂದು 'ಸ್ಕೈರಿಮ್' ಎಂಬ ವಿಡಿಯೋ ಗೇಮ್ ಬಿಡುಗಡೆಯಾಯಿತು. ಅವತ್ತಿನಿಂದ ಅದರೊಳಗಿನ ವೈಟ್‌ರನ್ ಊರಿನ ನಜೀಮ್ ಸಾಯುತ್ತಲೇ ಇದ್ದಾನೆ. ಕತ್ತಿಯಿಂದ ಸತ್ತಿದ್ದಾನೆ, ಬಾಣದಿಂದ ಸತ್ತಿದ್ದಾನೆ, ಬೆಂಕಿಯಲ್ಲಿ ಬೆಂದಿದ್ದಾನೆ. ಕೊಂದವರು ಅದನ್ನು ವಿಡಿಯೋ ಮಾಡಿ ಹಾಕಿ ಲೈಕ್ ಎಣಿಸಿದ್ದಾರೆ. ಅವನ ತಪ್ಪು ಒಂದೇ. ದಾರಿಯಲ್ಲಿ ಸಿಕ್ಕರೆ ಒಂದು ಮಾತು ಕೇಳುತ್ತಾನೆ.

"ಕ್ಲೌಡ್ ಡಿಸ್ಟ್ರಿಕ್ಟ್ ಕಡೆ ಆಗಾಗ ಹೋಗ್ತಿರ್ತೀಯಾ? ಅಯ್ಯೋ, ನಾನೇನು ಕೇಳ್ತಿದ್ದೀನಿ. ನೀನೆಲ್ಲಿ ಹೋಗ್ತೀಯ!"

ಕ್ಲೌಡ್ ಡಿಸ್ಟ್ರಿಕ್ಟ್ ಅಂದರೆ ಊರಿನ ಅರಮನೆ ಇರುವ ಮೇಲಿನ ಬಡಾವಣೆ. ಇಷ್ಟೇ. ಕೈ ಎತ್ತುವುದಿಲ್ಲ, ಜೇಬಿಗೆ ಕೈ ಹಾಕುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ 'ಸ್ವಂತ ಮನೆಯೋ, ಬಾಡಿಗೆಯೋ' ಎಂದು ಕೇಳುವ ದೊಡ್ಡಪ್ಪನಷ್ಟೇ ನಿರುಪದ್ರವಿ. ಆ ದೊಡ್ಡಪ್ಪನನ್ನು ನಾವ್ಯಾರೂ ಕೊಡಲಿಯಿಂದ ಹೊಡೆದಿಲ್ಲ, ಅಲ್ವಾ? ಹಾಗಾಗಿ ಇಂದು ನಾನು ನಜೀಮನ ವಕೀಲ. ಫೀಸು ಕೇಳುವುದಿಲ್ಲ. ಕೇಳಿದರೂ ಅವನು ಕೊಡುವವನಲ್ಲ.

ಮೊದಲು ದೂರುದಾರರು ಯಾರು ಅಂತ ನೋಡೋಣ. ಡ್ರ್ಯಾಗನ್‌ಬಾರ್ನ್, ಅಂದರೆ ಆಟ ಆಡುವ ನಾವು. ಡ್ರ್ಯಾಗನ್‌ಗಳನ್ನು ಕೊಂದು ಅವುಗಳ ಆತ್ಮವನ್ನೇ ನುಂಗುವ ವೀರರು. ಜಗತ್ತನ್ನೇ ಉಳಿಸಲು ಹುಟ್ಟಿದವರು. ಮನಸ್ಸು ಮಾಡಿದರೆ ಮಾರ್ಕಾರ್ತ್ ಊರಿನಲ್ಲಿ ವೆರುಲಸ್ ಎಂಬ ಪಾಪದ ಅರ್ಚಕನನ್ನು ನಂಬಿಸಿ ಕರೆದೊಯ್ದು, ಕೊಂದು, ತಿನ್ನಲೂ ಬಹುದು. ಬಹುಮಾನವಾಗಿ ಒಂದು ಉಂಗುರ ಸಿಗುತ್ತದೆ ಅಂತ ಎಷ್ಟೋ ಜನ ತಿಂದೂ ಇದ್ದಾರೆ. ಅದನ್ನು ಅರಗಿಸಿಕೊಂಡ ಹೊಟ್ಟೆಗೆ ನಜೀಮನ ಮಾತು ಮಾತ್ರ ಅರಗುವುದಿಲ್ಲ.

ಈಗ ನಜೀಮನ ಜಾಗದಲ್ಲಿ ನಿಂತು ನೋಡಿ. ಬೆಳಿಗ್ಗೆ ಎದ್ದು ಒಳ್ಳೆ ಬಟ್ಟೆ ಹಾಕಿಕೊಂಡು ಸಂತೆ ಬೀದಿಗೆ ಬಂದಿದ್ದಾನೆ. ಎದುರಿಗೊಬ್ಬ ವ್ಯಕ್ತಿ. ತಲೆಗೆ ಕೊಂಬಿನ ಕಬ್ಬಿಣದ ಟೋಪಿ, ಕಾಲಿಗೆ ಹೆಣದಿಂದ ಬಿಚ್ಚಿಕೊಂಡ ಬೂಟು. ನಡೆಯುವುದಿಲ್ಲ, ಕುಪ್ಪಳಿಸುತ್ತಾನೆ. ಚೀಲದಲ್ಲಿ ಹದಿನೈದು ಗಟ್ಟಿ ಚೀಸು, ಯಾರದೋ ಮನೆಯ ತಟ್ಟೆ ಲೋಟ. ಆಗಷ್ಟೇ ಬೆಲೆಥಾರ್ ಎಂಬ ಅಂಗಡಿಯವನ ತಲೆ ಮೇಲೆ ಬಕೆಟ್ ಬೋರಲು ಹಾಕಿ, ಅವನಿಗೆ ಕಣ್ಣು ಕಾಣದ ಹಾಗೆ ಮಾಡಿ, ಸಾಮಾನೆಲ್ಲ ಬಳಿದುಕೊಂಡು ಬಂದಿದ್ದಾನೆ. ನಡುಬೀದಿಯಲ್ಲಿ ನಿಂತು ಕೂಗಿದರೆ ಜನ ಹಾರಿ ಬೀಳುತ್ತಾರೆ. 'ಸ್ವಲ್ಪ ಆ ಕೂಗಾಟ ನಿಲ್ಲಿಸಪ್ಪಾ' ಎಂದು ಕಾವಲುಗಾರರೇ ಬಂದು ಹೇಳಬೇಕು. ಇಂಥವನು ಅರಮನೆ ಕಡೆ ಆಗಾಗ ಹೋಗುತ್ತಾನೆಂದು ಯಾರಿಗೆ ಅನ್ನಿಸೀತು? ನಿಜ ಹೇಳಬೇಕೆಂದರೆ ನಜೀಮ್ ಬಹಳ ಮೆತ್ತಗೆ ಕೇಳಿದ್ದಾನೆ.

ಆದರೂ ನನ್ನ ಕಕ್ಷಿದಾರನ ಪರ ವಾದಿಸುವುದು ಸುಲಭವಲ್ಲ. ಊರಿನ ನಕ್ಷೆಯೇ ನಮಗೆ ವಿರುದ್ಧ ಸಾಕ್ಷಿ. ವೈಟ್‌ರನ್‌ನಲ್ಲಿ ಮೂರು ಮೆಟ್ಟಿಲಿನಂತೆ ಮೂರು ಬಡಾವಣೆ. ಕೆಳಗೆ ಪ್ಲೇನ್ಸ್, ನಡುವೆ ವಿಂಡ್, ತುದಿಯಲ್ಲಿ ಕ್ಲೌಡ್. ಹಾಗಾದರೆ ಈ ಕ್ಲೌಡ್ ಡಿಸ್ಟ್ರಿಕ್ಟ್‌ನಲ್ಲಿ ಏನಿದೆ? ಡ್ರ್ಯಾಗನ್ಸ್‌ರೀಚ್ ಎಂಬ ಅರಮನೆ ಇದೆ. ಮತ್ತೇನಿದೆ? ಮತ್ತೇನೂ ಇಲ್ಲ. ಅಂಗಡಿ ಇಲ್ಲ, ಸಾಲು ಮನೆ ಇಲ್ಲ. ಒಂದೇ ಕಟ್ಟಡಕ್ಕೆ ಒಂದು ಬಡಾವಣೆಯ ಹೆಸರು. ಹೋಗಿಬರುವವರೆಂದರೆ ಊರಿನ ಒಡೆಯ ಯಾರ್ಲ್ ಬಾಲ್ಗ್ರೂಫ್‌ನ ಕೆಲಸದವರು, ಅರ್ಜಿ ಹಿಡಿದವರು, ಆಮೇಲೆ ಕೈದಿಗಳು. ಸೆರೆಮನೆಯೂ ಅಲ್ಲೇ ಇರುವುದು.

ಇಷ್ಟಕ್ಕೂ ನಜೀಮ್ ರಾತ್ರಿ ಮಲಗುವುದೆಲ್ಲಿ? 'ಡ್ರಂಕನ್ ಹಂಟ್ಸ್‌ಮನ್' ಎಂಬ ಹೆಂಡದಂಗಡಿಯಲ್ಲಿ. ಅದಿರುವುದು ಊರ ಬಾಗಿಲ ಪಕ್ಕ, ಪ್ಲೇನ್ಸ್ ಡಿಸ್ಟ್ರಿಕ್ಟ್‌ನಲ್ಲಿ. ಊರ ಹೊರಗೆ ಅವನದೇ ಚಿಲ್‌ಫರೋ ಎಂಬ ಜಮೀನಿದೆ, ಉಳುವವನು ವಿಲ್ಮತ್. ಕೈಹಿಡಿದವಳು ಅಹ್ಲಾಮ್, ಕೈನರೆತ್ ಗುಡಿಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಾಳೆ. ಗಂಡನ ಬಗ್ಗೆ ಅವಳನ್ನು ಸಾಕ್ಷಿ ಹೇಳಲು ಕರೆಯದಿರುವುದೇ ಕ್ಷೇಮ.

ಇನ್ನು ನಮ್ಮ ವೀರರ ವಿಳಾಸ. ಡ್ರ್ಯಾಗನ್ ಕೊಂದ ಮೇಲೆ ಬಾಲ್ಗ್ರೂಫ್ ಮೆಚ್ಚಿ 'ಥೇನ್' ಎಂಬ ಬಿರುದು ಕೊಡುತ್ತಾನೆ. ಜೊತೆಗೆ ಮನೆ ಕೊಳ್ಳುವ ಭಾಗ್ಯ. ಹೌದು, ಕೊಳ್ಳುವ ಭಾಗ್ಯ. ಊರು ಉಳಿಸಿದವನಿಗೂ ಪುಕ್ಕಟೆ ಇಲ್ಲ. 5,000 ಚಿನ್ನದ ನಾಣ್ಯ ಎಣಿಸಿದರೆ ಬ್ರೀಜ್‌ಹೋಮ್ ಎಂಬ ಮನೆಯ ಬೀಗದ ಕೈ ಸಿಗುತ್ತದೆ. ಅದೆಲ್ಲಿದೆ? ಅದೇ ಪ್ಲೇನ್ಸ್ ಡಿಸ್ಟ್ರಿಕ್ಟ್‌ನಲ್ಲಿ, ಕಮ್ಮಾರಸಾಲೆಯ ಪಕ್ಕ, ನಜೀಮ್ ಮಲಗುವ ಹೆಂಡದಂಗಡಿಯ ಹತ್ತಿರವೇ! ಇಬ್ಬರೂ ಕೆಳಗಿನ ಬೀದಿಯವರೇ. ಒಬ್ಬ ಮೇಲಿನ ಬೀದಿಯ ಹೆಸರು ಹೇಳಿ ಚುಚ್ಚುತ್ತಾನೆ, ಇನ್ನೊಬ್ಬ ಅದಕ್ಕೆ ಉರಿದುಕೊಂಡು ಕತ್ತಿ ಹಿರಿಯುತ್ತಾನೆ. ಮೇಲೆ ಅರಮನೆಯಲ್ಲಿ ಕೂತ ಯಾರ್ಲ್‌ಗೆ ಈ ಇಬ್ಬರಲ್ಲಿ ಯಾರ ಚಿಂತೆಯೂ ಇಲ್ಲ. ನಾಳೆ ಯುದ್ಧವಾಗಿ ಅವನ ಗದ್ದುಗೆಯಲ್ಲಿ ವಿಗ್ನಾರ್ ಗ್ರೇ-ಮೇನ್ ಎಂಬ ಇನ್ನೊಬ್ಬ ಬಂದು ಕೂತರೂ ಅವನಿಗೂ ಇರುವುದಿಲ್ಲ.

ಹಾಗೆ ನೋಡಿದರೆ ವೈಟ್‌ರನ್‌ನಲ್ಲಿ ತಲೆನೋವಿಗೇನು ಬರವೇ? ಹೈಮ್ಸ್‌ಕರ್ ಎಂಬ ಬೋಧಕ ಪ್ರತಿಮೆಯ ಮುಂದೆ ನಿಂತು ದಿನವಿಡೀ ಅದೇ ಭಾಷಣ ಅರಚುತ್ತಾನೆ. ಬ್ರೇತ್ ಎಂಬ ಹುಡುಗಿ ದೊಡ್ಡವರು ಚಿಕ್ಕವರು ನೋಡದೆ ಎದುರುತ್ತರ ಕೊಡುತ್ತಾಳೆ. ಆದರೆ ಆಟದಲ್ಲಿ ಮಕ್ಕಳು ಸಾಯುವುದಿಲ್ಲ, ಎಷ್ಟು ಹೊಡೆದರೂ ಅಷ್ಟೇ. ಆ ಸಿಟ್ಟೂ ಸೇರಿ ನಜೀಮನ ಲೆಕ್ಕಕ್ಕೇ ಜಮೆಯಾಗುತ್ತದೆ ಎಂದು ನನ್ನ ಅನುಮಾನ. ಅವನಿಗೆ ಆ ರಕ್ಷಣೆ ಇಲ್ಲ. ಕೊಂದದ್ದನ್ನು ಯಾರಾದರೂ ನೋಡಿದರೆ 1,000 ನಾಣ್ಯ ದಂಡ, ಅಷ್ಟೇ. ಮನೆಯ ಬೆಲೆಯಲ್ಲಿ ಐದು ನಜೀಮರು. ಸಿರಿವಂತ ವೀರರಿಗೆ ಇದು ದಂಡದ ಹಾಗೆ ಕಾಣುವುದಿಲ್ಲ, ಟಿಕೆಟ್ ದರದ ಹಾಗೆ ಕಾಣುತ್ತದೆ.

ಆಟ ತಯಾರಿಸಿದ ಬೆಥೆಸ್ಡಾ ಕಂಪನಿಗೂ ಈ ಗುಟ್ಟು ಗೊತ್ತಿರಬೇಕು. 2016ರಲ್ಲಿ ಅದೇ ಆಟವನ್ನು ಹೊಸ ಮೆರುಗು ಕೊಟ್ಟು ಮಾರಿತು. 2017ರಲ್ಲಿ ನಿಂಟೆಂಡೊ ಸ್ವಿಚ್‌ಗೆ ತಂದಿತು. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆಗೂ ತಂದಿತು, ಅಂದರೆ ನಜೀಮ್ ಸೀದಾ ಮುಖದ ಮುಂದೆಯೇ ಬಂದು ನಿಲ್ಲುವ ಹಾಗಾಯಿತು. 2021ರಲ್ಲಿ ಹತ್ತನೇ ವರ್ಷದ ಆವೃತ್ತಿ. 2023ರ ಹೊತ್ತಿಗೆ 6 ಕೋಟಿ ಪ್ರತಿ ಮಾರಾಟವಾಗಿದೆ ಎಂದು ಕಂಪನಿಯ ಟಾಡ್ ಹೋವರ್ಡ್ ಹೇಳಿದ್ದರು. ಒಮ್ಮೆ ಅವಮಾನ ಮಾಡಿಸಿಕೊಂಡವರು ಎರಡನೇ ಸಲ ದುಡ್ಡು ಕೊಟ್ಟು ಹೋಗಿ ಮಾಡಿಸಿಕೊಂಡಿದ್ದಾರೆ.

ಕೊನೆಯದಾಗಿ ಒಂದು ದಾಖಲೆ ಸಲ್ಲಿಸಿ ಕೂರುತ್ತೇನೆ. ಆಟದ ಶುರುವಿನಲ್ಲಿ ವೀರರ ಕೈಯಲ್ಲಿ ಬಿಡಿಗಾಸೂ ಇರುವುದಿಲ್ಲ. ಆಗ ವೈಟ್‌ರನ್ ಸುತ್ತಲಿನ ಹೊಲಗಳಿಗೆ ಇಳಿಯುತ್ತಾರೆ. ಕೋಸು ಕೀಳುತ್ತಾರೆ, ಗೋಧಿ ಕೊಯ್ಯುತ್ತಾರೆ, ಅದನ್ನು ಮಾರಿ ಮೊದಲ ಕಾಸು ನೋಡುತ್ತಾರೆ. ಚಿಲ್‌ಫರೋ ಹೊಲಕ್ಕೆ ಇಳಿದವರೂ ಬೇಕಾದಷ್ಟು ಜನ. ಆ ಹೊಲ ಯಾರದೆಂದು ಮೇಲೆಯೇ ಹೇಳಿದ್ದೇನೆ, ಮಹಾಸ್ವಾಮಿ. ನನ್ನ ಕಕ್ಷಿದಾರ ಕೋಸಿನ ಲೆಕ್ಕ ಇನ್ನೂ ಕೇಳಿಲ್ಲ.