ಸ್ಪಷ್ಟನೆ: ಬೋಪಣ್ಣ ಅವರ ಮೊದಲ ಗ್ರ್ಯಾನ್‌ಸ್ಲಾಮ್ ಪ್ಯಾರಿಸ್‌ನದು
ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ತಮ್ಮ ಮೊದಲ ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳಲ್ಲೊಂದರ ಪ್ರಶಸ್ತಿ) ಗೆದ್ದದ್ದು 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಮೆಲ್ಬರ್ನ್‌ನಲ್ಲಿ ಗೆದ್ದದ್ದು ಪುರುಷರ ಡಬಲ್ಸ್‌ನಲ್ಲಿ ಅವರ ಮೊದಲ ಗ್ರ್ಯಾನ್‌ಸ್ಲಾಮ್, ಅಷ್ಟೇ.

2017ರ ಜೂನ್‌ನಲ್ಲೇ ಪ್ಯಾರಿಸ್‌ನಲ್ಲಿ, ಫ್ರೆಂಚ್ ಓಪನ್‌ನ ಕೆಂಪು ಮಣ್ಣಿನ ಅಂಗಳದಲ್ಲಿ ಅವರು ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದಿದ್ದರು. ಅದೆಂಥ ಹೋರಾಟ! ಜರ್ಮನಿಯ ಅನಾ-ಲೆನಾ ಗ್ರೋನೆಫೆಲ್ಡ್ ಮತ್ತು ಕೊಲಂಬಿಯಾದ ರಾಬರ್ಟ್ ಫರಾ ಜೋಡಿಗೆ ಮೊದಲ ಸೆಟ್ ಬಿಟ್ಟುಕೊಟ್ಟು, ಒಂದೇ ಅಂಕ ಹೋದರೂ ಸೋಲು ಎಂಬಂಥ ಎರಡು ಮ್ಯಾಚ್ ಪಾಯಿಂಟ್‌ಗಳಿಂದ ಪಾರಾಗಿ, 2-6, 6-2, 12-10ರಿಂದ ಗೆದ್ದರು. ಮಿಶ್ರ ಡಬಲ್ಸ್ ಕೂಡ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಯೇ. ಅದನ್ನು ಲೆಕ್ಕದಿಂದ ಬಿಡುವುದು ಆ ಗೆಲುವಿಗೂ ಡಬ್ರೋವ್‌ಸ್ಕಿಗೂ ಮಾಡುವ ಅನ್ಯಾಯ.