ಅಮ್ಮ ದಾಟದೆ ವಾಪಸ್ ಬಂದ ರಸ್ತೆ

ನಮ್ಮ ಮನೆ ಕಿಟಕಿಯಿಂದ ಇಂಡಿಯನ್ ಅಂಗಡಿಯ ಬೋರ್ಡ್ ಕಾಣುತ್ತದೆ. ನಡುವೆ ಇರುವುದು ನಾಲ್ಕು ಲೇನಿನ ಒಂದು ರಸ್ತೆ, ಅಷ್ಟೇ. ವೇಗದ ಮಿತಿ ಗಂಟೆಗೆ 35 ಮೈಲಿ. ಗಾಡಿಗಳು ಓಡುವುದು ಅದಕ್ಕಿಂತ ಜೋರಾಗಿ.

ಹೋದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು, ಇಲ್ಲಿ ನ್ಯೂಜೆರ್ಸಿಗೆ. ಒಂದು ಸಂಜೆ ಮೆಂತ್ಯ ಸೊಪ್ಪು ತರುತ್ತೇನೆ ಎಂದು ಒಬ್ಬರೇ ಹೊರಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಎದೆಗವಚಿಕೊಂಡು ರಸ್ತೆಯಂಚಿನಲ್ಲಿ ನಿಂತರು. ಒಂದು ಕಾಲು ಕೆಳಗಿಟ್ಟರು, ತೆಗೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ನಾನು ಚಪ್ಪಲಿ ಹಾಕಿಕೊಂಡು ಕೆಳಗೆ ಓಡುವಷ್ಟರಲ್ಲಿ ಖಾಲಿ ಚೀಲ ಹಿಡಿದು ವಾಪಸ್ ಬರುತ್ತಿದ್ದರು. "ನೀನೇ ಕಾರಲ್ಲಿ ತಂದುಬಿಡು" ಎಂದರು. ಊರಲ್ಲಿ ಸಂತೆ ದಿನ ಲಾರಿಗಳ ನಡುವೆ ದಾಟುವ ಹೆಂಗಸು ಅವರು.

ಸಿಗ್ನಲ್ ಹಾಕಿಸಿ ಎಂದು ಟೌನ್ ಕಚೇರಿಗೆ ಬರೆದೆ. ಆಗಲ್ಲ, ಅಷ್ಟು ಜನ ಅಲ್ಲಿ ದಾಟುತ್ತಿಲ್ಲ ಎಂದು ಉತ್ತರ ಬಂತು.

ಈ ಲೆಕ್ಕ ಬರುವುದು ರಸ್ತೆಯ ಬೋರ್ಡು, ಸಿಗ್ನಲ್ ಹೇಗಿರಬೇಕು ಎಂದು ಹೇಳುವ ಎಂಯುಟಿಸಿಡಿ ಎಂಬ ಫೆಡರಲ್ ಪುಸ್ತಕದಿಂದ. 1935ರಲ್ಲಿ ಶುರುವಾದದ್ದು, 11ನೇ ಆವೃತ್ತಿ 2023ರ ಡಿಸೆಂಬರಿನಲ್ಲಿ ಬಂತು. ಅಮೆರಿಕದ ಯಾವ ಮೂಲೆಗೆ ಹೋದರೂ ಸ್ಟಾಪ್ ಬೋರ್ಡ್ ಕೆಂಪು ಎಂಟು ಮೂಲೆಯದೇ ಆಗಿರುವುದು ಇದರಿಂದ. ಅದು ದೊಡ್ಡ ಉಪಕಾರ. ಇಂಗ್ಲಿಷ್ ಬಾರದ ಅಮ್ಮನೂ ಎರಡೇ ದಿನದಲ್ಲಿ ಅದನ್ನು ಗುರುತಿಸುತ್ತಿದ್ದರು.

ಆದರೆ ಅದೇ ಪುಸ್ತಕದಲ್ಲಿ, ನಡೆಯುವವರ ಲೆಕ್ಕದ ಮೇಲೆ ಸಿಗ್ನಲ್ ಬೇಕೆಂದರೆ, ಸಾಮಾನ್ಯವಾಗಿ ನಾಲ್ಕು ಗಂಟೆ ಕಾಲ ಗಂಟೆಗೆ ಕನಿಷ್ಠ 107 ಜನ ದಾಟಬೇಕು. ಇಲ್ಲವಾದರೆ ಒಂದೇ ಗಂಟೆಯಲ್ಲಿ 133. ಎಣಿಸಲು ಬಂದವರು ದಾಟಿದವರನ್ನು ಎಣಿಸುತ್ತಾರೆ. ಹೆದರಿ ವಾಪಸ್ ಹೋದ ನಮ್ಮಮ್ಮ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅಪಘಾತದ ಲೆಕ್ಕ ತೋರಿಸಿ ಸಿಗ್ನಲ್ ಪಡೆಯುವ ದಾರಿಯೂ ಇದೆ. 2009ರ ಆವೃತ್ತಿಯಲ್ಲಿ ಅದಕ್ಕೆ 12 ತಿಂಗಳಲ್ಲಿ 5 ಅಪಘಾತ ಆಗಬೇಕಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಲ್ವಾ? 2022ರಲ್ಲಿ ಈ ದೇಶದಲ್ಲಿ ನಡೆದು ಹೋಗುತ್ತಿದ್ದ 7,500ಕ್ಕೂ ಹೆಚ್ಚು ಜನ ಗಾಡಿಗೆ ಸಿಕ್ಕಿ ಸತ್ತರು. 2009ರಲ್ಲಿ ಇದು 4,100ರ ಆಸುಪಾಸು ಇತ್ತು.

ಪುಸ್ತಕವನ್ನು ಕೂತು ಓದಿದೆ. ಅದರಲ್ಲಿ ಮೂರು ಬಗೆಯ ಮಾತಿದೆ: ಮಾಡಲೇಬೇಕು, ಮಾಡಿದರೆ ಒಳ್ಳೆಯದು, ಮಾಡಬಹುದು. ಎಂಜಿನಿಯರ್ ತನ್ನ ವಿವೇಚನೆ ಬಳಸಬಹುದು ಅಂತಲೂ ಇದೆ. ಆದರೆ ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಎಂಬ ಭಯಕ್ಕೆ ಎಷ್ಟೋ ಕಡೆ ಮೂರೂ 'ಮಾಡಲೇಬೇಕು' ಆಗಿಬಿಡುತ್ತವೆ. ನನ್ನ ಸಿಟ್ಟು ಇರುವುದು ಇಲ್ಲಿ. ಬೋರ್ಡಿನ ಬಣ್ಣ, ಆಕಾರ ದೇಶಕ್ಕೆಲ್ಲ ಒಂದೇ ಇರಲಿ. ಅಮ್ಮ ಎಲ್ಲಿ ದಾಟಬೇಕು ಎನ್ನುವುದನ್ನು ಆ ಬೀದಿ ಗೊತ್ತಿರುವವರು ಹೇಳಲಿ.

ಅರಿಜೋನಾದ ಟೂಸಾನ್ ನಗರದ ಕತೆ ನೋಡಿ. ದೊಡ್ಡ ರಸ್ತೆ ದಾಟುವವರಿಗಾಗಿ ಅಲ್ಲಿನ ಎಂಜಿನಿಯರುಗಳು ಹೊಸ ಬಗೆಯ ದೀಪ ಮಾಡಿದರು, ಹಾಕ್ ಅಂತ ಹೆಸರು. ಸುಮ್ನೆ ಇದ್ದಾಗ ಆರಿಕೊಂಡಿರುತ್ತದೆ. ಗುಂಡಿ ಒತ್ತಿದರೆ ಗಾಡಿಗಳಿಗೆ ಹಳದಿ ಮಿನುಗಿ, ಆಮೇಲೆ ಕೆಂಪು. ದಾಟಿದ ಮೇಲೆ ಮತ್ತೆ ಕತ್ತಲೆ. ಆಗ ಪುಸ್ತಕದಲ್ಲಿ ಇದು ಇರಲೇ ಇಲ್ಲ. 2009ರಲ್ಲಿ ಸೇರಿತು. ಫೆಡರಲ್ ಹೆದ್ದಾರಿ ಇಲಾಖೆಯ ಅಧ್ಯಯನದಲ್ಲೇ, ಇದನ್ನು ಹಾಕಿದ ಕಡೆ ಪಾದಚಾರಿ ಅಪಘಾತ 69% ಕಡಿಮೆಯಾದದ್ದು ಕಂಡುಬಂತು. ಒಂದು ಊರು ಧೈರ್ಯ ಮಾಡಿದ್ದರಿಂದ ದೇಶದ ಪುಸ್ತಕವೇ ಬದಲಾಯಿತು.

ಅಷ್ಟು ದೂರ ಬೇಡ, ಇಲ್ಲೇ ನ್ಯೂಜೆರ್ಸಿಯಲ್ಲಿ ಹೊಬೊಕೆನ್ ನಗರ ಇದೆ. ಮೂಲೆಗಳಲ್ಲಿ ಪಾರ್ಕಿಂಗ್ ತೆಗೆದು ಕಂಬ ನೆಟ್ಟರು, ದಾಟುವವರು ಡ್ರೈವರ್ ಕಣ್ಣಿಗೆ ಬೀಳಲಿ ಎಂದು. ವೇಗದ ಮಿತಿ 20 ಮೈಲಿಗೆ ಇಳಿಸಿದರು. 2017ರ ಜನವರಿಯ ನಂತರ ಎಂಟು ವರ್ಷ ಅಲ್ಲಿನ ರಸ್ತೆಗಳಲ್ಲಿ ಒಂದೂ ಸಾವಾಗಲಿಲ್ಲ.

ಹೊಸ ಆವೃತ್ತಿ ಸ್ವಲ್ಪ ಸಡಿಲವಾಗಿದೆ, ನಿಜ. ಮೊದಲು, 100ರಲ್ಲಿ 85 ಜನ ಎಷ್ಟು ವೇಗದೊಳಗೆ ಓಡಿಸುತ್ತಾರೋ ಅದರ ಹತ್ತಿರವೇ ವೇಗದ ಮಿತಿ ಇಡಿ ಎನ್ನುತ್ತಿತ್ತು. ಈಗ ಸುತ್ತಲಿನ ಪರಿಸರವನ್ನೂ ನಡೆಯುವವರನ್ನೂ ನೋಡಿ ಎನ್ನುತ್ತದೆ. ನನಗೆ ಇಷ್ಟು ಸಾಲದು.

ನಮ್ಮ ರಸ್ತೆಗೆ ನಾನು ಈಗ ಕೇಳುತ್ತಿರುವುದು ಹಾಕ್ ದೀಪ. ಅದರ ಕನಿಷ್ಠ ಲೆಕ್ಕ ಗಂಟೆಗೆ 20 ಜನರಿಂದಲೇ ಶುರುವಾಗುತ್ತದೆ, ಪೂರ್ತಿ ಸಿಗ್ನಲ್ಲಿಗಿಂತ ಎಷ್ಟೋ ಕಡಿಮೆ. ಬರುವ ಮಂಗಳವಾರ ಸಂಜೆ 7ಕ್ಕೆ ಟೌನ್ ಸಭೆ. ಇದೇ ರಸ್ತೆಯ ಕನ್ನಡದವರು ಬನ್ನಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನೂ ಕರ್ಕೊಂಡು ಬನ್ನಿ. ಒಬ್ಬೊಬ್ಬರಿಗೂ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಅವರು ಕನ್ನಡದಲ್ಲೇ ಹೇಳಲಿ, ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ನಾನು ಹೇಳುತ್ತೇನೆ.